ಒಂದು ಗ್ರಾಂ ಕುಣಿತ

ತಟ್ಟೆ ಖಾಲಿ ಇತ್ತು. ಡಿಸ್‌ಪ್ಲೇ ಮಾತ್ರ 3, 0, 4, 1 ಗ್ರಾಂ ಅಂತ ಕುಣಿಯುತ್ತಿತ್ತು. ಪೀಣ್ಯದ ನಮ್ಮ ಪುಟ್ಟ ವರ್ಕ್‌ಶಾಪಿನಲ್ಲಿ ಅದು ಶನಿವಾರದ ಬೆಳಗ್ಗೆ. 10 ಕೆಜಿಯ ಆ ತೂಕದ ಮೆಷಿನ್ ನೋಡಲು ಸೋಮವಾರ ಗಿರಾಕಿ ಬರುವವರಿದ್ದರು.

ಲೆಕ್ಕ ನೋಡಿ. ನಮ್ಮ ಲೋಡ್ ಸೆಲ್, ಅಂದರೆ ಭಾರವನ್ನು ವೋಲ್ಟೇಜ್ ಮಾಡುವ ಸೆನ್ಸರ್, ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವಂಥದ್ದು. 5 ವೋಲ್ಟ್ ಕೊಟ್ಟರೆ ಪೂರ್ತಿ 10 ಕೆಜಿಗೆ ಸಿಗೋದು 10 ಮಿಲಿವೋಲ್ಟ್. ಅಂದರೆ ಗ್ರಾಂಗೆ ಒಂದೇ ಮೈಕ್ರೋವೋಲ್ಟ್! ಅದರ ಪಕ್ಕದಲ್ಲೇ ನಾನು ಮೆಷಿನ್ ನಡೆಸುವ 72 ಮೆಗಾಹರ್ಟ್ಸ್ ಮೈಕ್ರೋಕಂಟ್ರೋಲರ್ ಚಿಪ್ ಕೂರಿಸಿದ್ದೆ. ಮಲಗಿದ ಮಗುವಿನ ಪಕ್ಕ ತಮಟೆ ಬಡಿದ ಹಾಗೆ.

ತಪ್ಪೆಲ್ಲ ಚಿಪ್ಪಿನದೇ ಅಂದುಕೊಂಡು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ‘ಲೋ ನಾಯ್ಸ್, ಅಂದ್ರೆ ವಿದ್ಯುತ್ ಗದ್ದಲ ಕಮ್ಮಿ ಇರೋ ಮೈಕ್ರೋಕಂಟ್ರೋಲರ್ ಇದೆಯಾ?’ ಅಂಗಡಿಯವರು ನಕ್ಕರು. ‘ಸಿಗ್ನಲ್ ದೊಡ್ಡದು ಮಾಡೋ ಆಪ್‌ಆಂಪ್ ಆದ್ರೆ ಇದೆ ಸರ್. ಮೈಕ್ರೋದಲ್ಲಿ ಹಾಗೆ ಯಾರೂ ಕೇಳಲ್ಲ.’ ಬರಿಗೈಯಲ್ಲಿ ಬರಲು ಮನಸ್ಸಾಗದೆ 28 ಕಾಲಿನ ಎಟಿಮೆಗಾ328 ಮೈಕ್ರೋಕಂಟ್ರೋಲರ್ ಎರಡು ತಂದೆ.

‘ತಾಳಪ್ಪಾ, ಗದ್ದಲ ಎಲ್ಲಿಂದ ಬರ್ತಿದೆ ಮೊದಲು ನೋಡೋಣ’ ಅಂದರು ನಮ್ಮ ಹಿರಿಯ ಟೆಕ್ನಿಷಿಯನ್ ಅಣ್ಣ. ಲೋಡ್ ಸೆಲ್ ಬಿಚ್ಚಿ, ಎರಡು ರೆಸಿಸ್ಟರ್ ಸಾಲಾಗಿ ಹಾಕಿ, ಅವುಗಳ ನಡುವಿನ ಜಾಗಕ್ಕೆ, ಲೋಡ್ ಸೆಲ್ಲಿನ ಸಿಗ್ನಲ್ ಅಳೆದು ಅಂಕಿ ಮಾಡುವ ಚಿಪ್ ಎಚ್‌ಎಕ್ಸ್711ರ ಎರಡೂ ಇನ್‌ಪುಟ್ ಕಟ್ಟಿದರು. ಈಗ ಸೊನ್ನೆ ಬರಬೇಕು. ಕುಣಿತ ನಿಲ್ಲಲಿಲ್ಲ. ಗದ್ದಲ ನಮ್ಮ ಬೋರ್ಡಿನದೇ!

ಡಿಸ್‌ಪ್ಲೇ ಆಫ್ ಮಾಡಿ ಲ್ಯಾಪ್‌ಟಾಪಿನಲ್ಲಿ ಓದಿದೆವು. ಕುಣಿತ ಅರ್ಧಕ್ಕೆ ಇಳಿಯಿತು. ಅಂಕಿಗಳು ಸರದಿಯಂತೆ ಬೆಳಗುವಾಗ ಹರಿಯುವ ಕರೆಂಟ್, ಎಚ್‌ಎಕ್ಸ್711 ನೆಚ್ಚಿಕೊಂಡಿದ್ದ ಬೋರ್ಡಿನ ಅದೇ ಸಣ್ಣ ಗ್ರೌಂಡ್ ಗೆರೆಯಲ್ಲಿ ವಾಪಸ್ ಬರುತ್ತಿತ್ತು. ಗೆರೆ ಎಳೆದವನು ನಾನೇ. ಅಣ್ಣ ಏನೂ ಹೇಳದೆ ಡಿಸ್‌ಪ್ಲೇಗೆ ಬೇರೆಯಾಗಿ ಒಂದು ದಪ್ಪ ವೈರ್ ಬೆಸುಗೆ ಹಾಕಿದರು.

ಉಳಿದರ್ಧ ಆ 72 ಮೆಗಾಹರ್ಟ್ಸ್ ಚಿಪ್ಪಿನದು. ಮೆಗಾಹರ್ಟ್ಸ್‌ಗಿಂತ ಜಾಸ್ತಿ ಕಾಟ ಕೊಡೋದು ಪಿನ್ನಿನ ವೋಲ್ಟೇಜ್ ಮೇಲೆ-ಕೆಳಗೆ ಹಾರುವ ರಭಸ. ಆ ಚಿಪ್ಪಿನಲ್ಲಿ ಪಿನ್ನಿನ ವೇಗ 50, 10, 2 ಮೆಗಾಹರ್ಟ್ಸ್ ಅಂತ ಆರಿಸಿಕೊಳ್ಳಬಹುದು. ನಾನು ಸುಮ್ನೆ 50 ಇಟ್ಟಿದ್ದೆ, 2ಕ್ಕೆ ಇಳಿಸಿದೆ. ಚಿಪ್ಪಿನ ಕ್ಲಾಕನ್ನೂ 72ರಿಂದ 8 ಮೆಗಾಹರ್ಟ್ಸ್‌ಗೆ ತಂದೆ. ನಾವು ಇಟ್ಟ ಸೆಟ್ಟಿಂಗಿನಲ್ಲಿ ಎಚ್‌ಎಕ್ಸ್711 ಸೆಕೆಂಡಿಗೆ 10 ಸಲ ಮಾತ್ರ ಓದುತ್ತದೆ. ಅದು ಅಳೆಯುವಾಗ ಚಿಪ್ ನಿದ್ದೆ ಮಾಡಲಿ, ಅಂಕಿ ಬದಲಿಸಲು ಅಷ್ಟೇ ಏಳಲಿ ಅಂತ ಕೋಡ್ ತಿದ್ದಿದೆ.

ಸಂಜೆ ಏಳಕ್ಕೆ ಸೊನ್ನೆ ನಿಂತಿತು. ಎಸ್.ಪಿ. ರೋಡಿನ ಎರಡು ಚಿಪ್ಪನ್ನೂ ಅಣ್ಣ ತಟ್ಟೆ ಮೇಲೆ ಇಟ್ಟರು. 4 ಗ್ರಾಂ. ಅಲ್ಲಾಡಲಿಲ್ಲ.