ಹಳೆಯ ಕಾವ್ಯದಲ್ಲಿ ನ್ಯಾಯ ಹುಡುಕುವುದು ಬಲವಂತವೇ?

“ಸರ್, ಕಾವ್ಯವನ್ನು ಕಾವ್ಯವಾಗಿ ಓದಿದರೆ ಸಾಲದೇ? ಅದರೊಳಗೆ ಜಾತಿ, ಬಡತನ, ಸಾಮಾಜಿಕ ನ್ಯಾಯ ಎಂದೆಲ್ಲ ತುರುಕುವುದೇಕೆ?” ವಿಜಯಪುರದಲ್ಲಿ ಕನ್ನಡ ಪಾಠ ಹೇಳುವ ನನಗೆ ತರಗತಿಯಲ್ಲೂ ಮದುವೆಯ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. ವಚನಗಳ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ. ಫ.ಗು. ಹಳಕಟ್ಟಿಯವರು ವಕೀಲಿಯ ನಡುವೆಯೇ ತಾಳೆಗರಿಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದ ಕಾಲದಿಂದ ಈ ಊರಿಗೆ ವಚನ ಮನೆಮಾತು. ‘ಉಳ್ಳವರು ಶಿವಾಲಯವ ಮಾಡುವರು’ ಎಂಬ ಸಾಲಂತೂ ಭಾಷಣಕಾರರ ಬಾಯಲ್ಲಿ ಸವೆದೇ ಹೋಗಿದೆ. ತಕರಾರೆಲ್ಲ ಅರಸರ ಕಥೆಗಳ ಬಗ್ಗೆ. “ಹರಿಶ್ಚಂದ್ರ ಸತ್ಯಕ್ಕಾಗಿ ಕಷ್ಟಪಟ್ಟ, ಅಷ್ಟೇ ತಾನೇ?”

ರಾಘವಾಂಕ ಅಷ್ಟಕ್ಕೇ ಬಿಟ್ಟಿಲ್ಲ. ‘ಹರಿಶ್ಚಂದ್ರ ಕಾವ್ಯ’ದಲ್ಲಿ ವಿಶ್ವಾಮಿತ್ರ ಸೃಷ್ಟಿಸಿ ಕಳುಹಿಸಿದ ಹೊಲತಿಯರು ಅರಸನೆದುರು ಹಾಡುತ್ತಾರೆ. ಮೆಚ್ಚಿದ ಅರಸ ಒಡವೆ ಕೊಡುತ್ತಾನೆ. ಅವರಿಗೆ ಬೇಕಾದದ್ದು ಅವನ ಬೆಳ್ಗೊಡೆ, ಅರಸೊತ್ತಿಗೆಯ ಗುರುತಾದ ಬಿಳಿಯ ಕೊಡೆ. ಅದು ಆಗದೆಂದಾಗ, ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಅರಸ ಕುಲದ ಮಾತೆತ್ತುತ್ತಾನೆ. ಆಗ ಅವರು ಹಾಕುವ ಪಟ್ಟು ನೋಡಿ: ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮ ರೂಪ ನೋಡಿದ ಕಣ್ಣಿಗೆ, ನಮ್ಮೊಡನೆ ಆಡಿದ ಬಾಯಿಗೆ, ನಮ್ಮ ಮೈಮುಡಿಯ ಮೇಲಿಂದ ಬಂದ ಗಾಳಿಯನ್ನು ಮೂಸಿದ ಮೂಗಿಗೆ ಅಂಟದ ಹೊಲೆ ಮುಟ್ಟಿದರೆ ಮಾತ್ರ ಅಂಟುವುದೇ? ಐದು ಇಂದ್ರಿಯಗಳಲ್ಲಿ ನಾಲ್ಕು ಕೀಳು, ಒಂದು ಮೇಲೇ? ಅರಸ ಕೊನೆಗೆ ಕೈಗೆತ್ತಿಕೊಳ್ಳುವುದು ಚಾವಟಿಯನ್ನು. ಮುಂದೆ, ಇವರ ಕೈಹಿಡಿಯುವುದಕ್ಕಿಂತ ರಾಜ್ಯ ಬಿಡುವುದೇ ಲೇಸೆಂದು ಬಿಟ್ಟೂಬಿಡುತ್ತಾನೆ.

ಕಥೆ ಸಾಗಬೇಕೆಂದಷ್ಟೇ ಇದ್ದರೆ ಈ ವಾದವನ್ನು ಇಷ್ಟು ಮೊನಚಾಗಿ ಕಟ್ಟುವ ಅಗತ್ಯವಿರಲಿಲ್ಲ. 13ನೆಯ ಶತಮಾನದ ಕವಿ ತಾನಾಗಿಯೇ ಕಟ್ಟಿದ್ದಾನೆ. ಹಾಗೆಂದು ರಾಘವಾಂಕನನ್ನು ಜಾತಿವಿರೋಧಿ ಹೋರಾಟಗಾರನನ್ನಾಗಿ ಮೆರವಣಿಗೆ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಆ ಹೆಣ್ಣುಮಕ್ಕಳು ಮುನಿ ಉರುಳಿಸಿದ ದಾಳಗಳು. ಗೆಲುವೂ ಸತ್ಯಸಂಧನಾದ ಅರಸನದೇ. ಆದರೆ ಅದೇ ಅರಸ ಕಾಶಿಯಲ್ಲಿ ವೀರಬಾಹುವಿಗೆ ತನ್ನನ್ನು ಮಾರಿಕೊಳ್ಳುತ್ತಾನೆ. ಮುಟ್ಟಲಾರೆನೆಂದವನು ಅದೇ ಕುಲದವನ ಆಳಾಗಿ ಸುಡುಗಾಡು ಕಾಯುತ್ತಾನೆ. ಇದನ್ನು ಯಾವ ವಿಮರ್ಶಕ ತುರುಕಿದ?

ಕಾದಂಬರಿಗೆ ಬಂದರೆ ತೊಂದರೆ ತಿರುಗುಮುರುಗು: ನ್ಯಾಯ ಎಂದೊಡನೆ ನಮ್ಮ ಹುಡುಗರು ಖಳನಾಯಕನನ್ನು ಹುಡುಕುತ್ತಾರೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಬಗ್ಗೆ ಬರೆಯುವ ಉತ್ತರಗಳಲ್ಲೆಲ್ಲ ಸಂಕಪ್ಪಯ್ಯ ಕ್ರೂರ ಜಮೀನ್ದಾರ. ಕಾದಂಬರಿಯ ಸಂಕಪ್ಪಯ್ಯ ಹಾಗಿಲ್ಲ. ಅಸ್ಪೃಶ್ಯ ಕುಲದ ಜೀತದಾಳು ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಇದರ ನೋವನ್ನು ನಮ್ಮ ಒಣಬೇಸಾಯದ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತುಂಡು ಭೂಮಿ ಕೊಟ್ಟರೇನು ಎಂದು ಸಂಕಪ್ಪಯ್ಯನ ಮನಸ್ಸು ವಾಲುತ್ತದೆ. ತಾಯಿ ಒಪ್ಪುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ. ದುಷ್ಟನೊಬ್ಬನಿದ್ದಿದ್ದರೆ ಅವನನ್ನು ಬೈದು ಪುಸ್ತಕ ಮಡಚಿಡಬಹುದಿತ್ತು. ಕಾರಂತರು ಓದುಗರಿಗೆ ಆ ಸೌಕರ್ಯ ಕೊಡಲಿಲ್ಲ. ನನಗೆ ಅವರ ಈ ಗಡಸುತನವೇ ಇಷ್ಟ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ವಾದದಲ್ಲಿ ಮೇಲುಗೈ ಪಡೆದವರು ಕಥೆಯಲ್ಲಿ ಏಕೆ ಏಟು ತಿಂದರು, ಒಳ್ಳೆಯ ಮನುಷ್ಯ ಯಾವ ಪುಟದಲ್ಲಿ ಸುಮ್ಮನಾದ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ ತೋರಿಸಿ. ತೋರಿಸಲಾಗದಿದ್ದರೆ ನೀವು ತುರುಕಿದ್ದು ನಿಜ. ಅಂಥ ಉತ್ತರಕ್ಕೆ ನಾನೂ ಅಂಕ ಕೊಡುವುದಿಲ್ಲ.