ಹದಿನೆಂಟು ತುಂಬುವ ಮುಂಚೆ ಬಸ್ ಹತ್ತುವುದನ್ನು ಕಲಿಸಿ

ಬೌದ್ಧಿಕ ವಿಕಲತೆಯೋ ಆಟಿಸಮ್ಮೋ ಇರುವ ಮಕ್ಕಳು ಶಾಲೆ ಮುಗಿಸುವ ಹೊತ್ತಿಗೆ ಅಪ್ಪ ಅಮ್ಮಂದಿರು ಕೇಳುವುದು "ಮುಂದೆ ಯಾವ ಟ್ರೇನಿಂಗಿಗೆ ಸೇರಿಸೋಣ?" ಅಂತ. ಬೆಂಗಳೂರಿನಲ್ಲಿ ಟ್ರೇನಿಂಗಿಗೆ ಬರ ಇಲ್ಲ. ವಿಕಲಚೇತನರಿಗೆ ತರಬೇತಿ ಕೊಡುವ ಸಂಸ್ಥೆಗಳಲ್ಲಿ ಲಿಂಗರಾಜಪುರದಲ್ಲಿ ಎಪಿಡಿ ಇದೆ, ಕೋರಮಂಗಲದಲ್ಲಿ ಎನೇಬಲ್ ಇಂಡಿಯಾ ಇದೆ, ಎಚ್‌ಎಸ್‌ಆರ್ ಲೇಔಟಿನಲ್ಲಿ ಸಮರ್ಥನಂ ಇದೆ. ಅಲ್ಲಿಗೆ ದಿನಾ ಹೋಗಿ ಬರುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಮೊದಲೇ ಯೋಚಿಸಿರುವುದಿಲ್ಲ. ಹತ್ತು ವರ್ಷ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬಂದಿರುತ್ತದೆ. ಕೆಲಸ ಚೆನ್ನಾಗಿ ಬಂದರೂ, ಬಿಟ್ಟು ಬರಲು ಜನ ಇಲ್ಲ ಅಂತ ಕೆಲಸ ಬಿಡಿಸಿದ ಮನೆಗಳು ಎಷ್ಟೋ ಇವೆ.

ಬಸ್ ಕಲಿಸುವುದನ್ನು 14–15ನೇ ವಯಸ್ಸಿಗೇ ಶುರು ಮಾಡಿ. ಬಸ್ ಬದಲಿಸದೆ ಹೋಗಬಹುದಾದ, ಆ ಹುಡುಗನೋ ಹುಡುಗಿಯೋ ಇಷ್ಟಪಟ್ಟು ಹೋಗುವಂಥ ಒಂದು ಜಾಗ ಆರಿಸಿಕೊಳ್ಳಿ. ಸ್ಟಾಪಿಗೆ ನಡೆಯುವುದು, ರಸ್ತೆ ದಾಟುವುದು, ನಂಬರ್ ಗುರುತಿಸುವುದು, ಹತ್ತುವುದು, ಪಾಸ್ ತೋರಿಸುವುದು, ಕಂಬಿ ಹಿಡಿಯುವುದು, ಇಳಿಯುವ ಗುರುತು ನೋಡಿ ಏಳುವುದು, ಇಳಿಯುವುದು, ಅಲ್ಲಿಂದ ಬಾಗಿಲತನಕ ನಡೆಯುವುದು. ಇದಿಷ್ಟನ್ನೂ ಬಿಡಿಬಿಡಿಯಾಗಿ ಬರೆದುಕೊಂಡು ಕೊನೆಯದರಿಂದ ಕಲಿಸುತ್ತಾ ಬನ್ನಿ. ಮೊದಮೊದಲು ಉಳಿದದ್ದೆಲ್ಲ ನೀವು ಮಾಡಿಸಿ, ಬಾಗಿಲತನಕದ ನಡಿಗೆ ಮಾತ್ರ ಅವರದ್ದಾಗಿರಲಿ. ಅದು ಗಟ್ಟಿಯಾದ ಮೇಲೆ ಇಳಿಯುವುದನ್ನೂ ಅವರಿಗೆ ಬಿಡಿ. ಹೀಗಾದರೆ ಪ್ರತಿ ಸಲವೂ ಪ್ರಯಾಣ ಮುಗಿಸಿದವರು ಅವರೇ ಆಗುತ್ತಾರೆ, ಆ ಖುಷಿಗೇ ಮರುದಿನ ಹೊರಡುತ್ತಾರೆ.

ನಂಬರ್ ಗುರುತಿಸಲು ಓದು ಬರಲೇಬೇಕು ಅಂತಿಲ್ಲ. ಒಂದು ಕಾರ್ಡಿನ ಮೇಲೆ ದಪ್ಪಗೆ 500ಡಿ ಅಂತ ಬರೆದು ಕೊಡಿ. ಕಾರ್ಡನ್ನೂ ಬೋರ್ಡನ್ನೂ ತಾಳೆ ನೋಡಿದರೆ ಸಾಕು. ಅಕ್ಷರವನ್ನು ಬಿಟ್ಟು ಬರೀ ಅಂಕಿ ಕಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. 500ಡಿ, 500ಸಿ ಎರಡೂ ಹೊರವರ್ತುಲ ರಸ್ತೆಯ ಬಸ್ಸುಗಳೇ, ಹೋಗಿ ಸೇರುವ ಜಾಗ ಮಾತ್ರ ಬೇರೆ. ಎಲ್‌ಇಡಿ ಬೋರ್ಡಿನಲ್ಲಿ ಊರಿನ ಹೆಸರು ಓಡುತ್ತಿರುತ್ತದೆ, ಅದನ್ನು ನಂಬಿ ಕೂರಬೇಡಿ. ಮಾತು ಬರುವವರಿಗೆ ಹತ್ತುವ ಮುಂಚೆ ಕಂಡಕ್ಟರಿಗೆ "ಸಿಲ್ಕ್ ಬೋರ್ಡ್ ಹೋಗತ್ತಾ ಸಾರ್?" ಅಂತ ಕೇಳುವುದನ್ನೂ ರೂಢಿ ಮಾಡಿಸಿ.

ಇಳಿಯಲು ಎರಡು ಗುರುತು ಬೇಕು. ಒಂದು, ಸೀಟಿನಿಂದ ಏಳುವುದಕ್ಕೆ. ಅದು ಒಂದು ಸ್ಟಾಪ್ ಹಿಂದೆಯೇ ಇರಬೇಕು. ಇನ್ನೊಂದು ಇಳಿಯುವುದಕ್ಕೆ. ಫ್ಲೈಓವರ್, ದೇವಸ್ಥಾನ, ಪೆಟ್ರೋಲ್ ಬಂಕ್ ಆಗಬಹುದು. ಹೋರ್ಡಿಂಗ್ ಬೇಡ, ಮುಂದಿನ ತಿಂಗಳು ಅದೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಕತ್ತಲಾದ ಮೇಲೆ ಅದೇ ಗುರುತು ಕಾಣುತ್ತದಾ ಅಂತಲೂ ನೋಡಿಕೊಳ್ಳಿ. ವಾಪಸ್ ಬರುವುದನ್ನು ಬೇರೆ ಪಾಠವೆಂದೇ ಕಲಿಸಬೇಕು. ಸ್ಟಾಪ್ ರಸ್ತೆಯ ಆಚೆ ಬದಿಗಿರುತ್ತದೆ, ಸಂಜೆ ಆರಕ್ಕೆ ಕಿಟಕಿಯೇ ಕಾಣದಷ್ಟು ರಶ್ ಇರುತ್ತದೆ.

ಜೊತೆಗೆ ಹೋಗುವವರು ಕೆಡಿಸುವುದು ಇಲ್ಲೇ. ಸ್ಟಾಪ್ ಹತ್ತಿರವಾದಂತೆ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ, ಬ್ಯಾಗು ಎತ್ತಿಕೊಳ್ಳುತ್ತಾರೆ; ಮಗ ಅದನ್ನು ನೋಡಿ ಏಳುತ್ತಾನೆ. ನೋಡಿದವರಿಗೆ ಕಲಿತ ಹಾಗೇ ಕಾಣುತ್ತದೆ. ಅದಕ್ಕೇ ಪಕ್ಕದ ಸೀಟಿನಿಂದ ಎರಡು ಸೀಟು ಹಿಂದಕ್ಕೆ, ಆಮೇಲೆ ಬಸ್ಸಿನ ಇನ್ನೊಂದು ತುದಿಗೆ, ಆಮೇಲೆ ಸ್ಕೂಟರಿನಲ್ಲಿ ಹೋಗಿ ಇಳಿಯುವ ಸ್ಟಾಪಿನಲ್ಲಿ ಕಾಯುವುದಕ್ಕೆ ಸರಿಯುತ್ತಾ ಹೋಗಿ. ರಸ್ತೆ ದಾಟುವಲ್ಲಿ ಮಾತ್ರ ಅವಸರ ಬೇಡ, ಅಲ್ಲಿ ಜೊತೆ ಬಿಡುವುದು ಎಲ್ಲಕ್ಕಿಂತ ಕೊನೆಗೆ.

ಬಸ್ ಸ್ಟಾಪಿನಲ್ಲೇ ನಿಲ್ಲುತ್ತದೆ ಅಂತ ಕಲಿತವರು ಅದು ಇಪ್ಪತ್ತು ಅಡಿ ಮುಂದೆ, ರಸ್ತೆ ಮಧ್ಯೆ ನಿಂತಾಗ ಕದಲುವುದೇ ಇಲ್ಲ. ಹಾಗಾಗಿ ಎಡವಟ್ಟನ್ನೂ ಅಭ್ಯಾಸ ಮಾಡಿಸಬೇಕು. ನೀವು ಜೊತೆಗಿರುವಾಗಲೇ ಬೇಕಂತ ಒಂದು ಸ್ಟಾಪ್ ದಾಟಿಸಿ. ಮುಂದಿನ ಸ್ಟಾಪಿನಲ್ಲಿ ಇಳಿಯಬೇಕು, ಫೋನ್ ಮಾಡಬೇಕು, ಯಾರಾದರೂ ಬರುವತನಕ ಅಲ್ಲಿಂದ ಅಲ್ಲಾಡಬಾರದು. ಈ ಮೂರೇ ಸೂತ್ರ, ಬಸ್ ಕೆಟ್ಟು ನಿಂತರೂ ಇದೇ. ಜೇಬಿನ ಕಾರ್ಡಿನಲ್ಲಿ ಒಂದೇ ಫೋನ್ ನಂಬರ್ ಇದ್ದರೆ ಸಾಕು. ಮನೆ ವಿಳಾಸ ಬರೆಯದಿರುವುದೇ ಕ್ಷೇಮ.

ಕಾಗದಪತ್ರದ ಕೆಲಸ ಇದರ ಜೊತೆಜೊತೆಗೇ ಸಾಗಲಿ. ಕನಿಷ್ಠ 40% ವಿಕಲತೆ ನಮೂದಾಗಿರುವ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇಲ್ಲದೆ ರಿಯಾಯಿತಿ ಪಾಸೂ ಇಲ್ಲ, ಮಾಸಾಶನವೂ ಇಲ್ಲ. ಕಾರ್ಡಿನ ಅವಧಿ ಮುಗಿಯುವ ತಾರೀಖು ಇದೆಯಾ ನೋಡಿ. ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಹೋಗುವುದಾದರೆ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಇಸಿದುಕೊಳ್ಳುವುದನ್ನೂ ಕಲಿಯಬೇಕು. ಆಧಾರ್‌ನಲ್ಲಿ 15 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಟ್ಟಿರಬೇಕು. 18 ಆದ ದಿನದಿಂದ ಮೈನರ್ ಬ್ಯಾಂಕ್ ಖಾತೆಯಲ್ಲಿ ಅಪ್ಪ ಅಮ್ಮನ ಸಹಿ ನಡೆಯುವುದಿಲ್ಲ, ಹೊಸದಾಗಿ ಕೆವೈಸಿ ಆಗಬೇಕು.

ಇಲ್ಲಿಂದಲೇ ಗಾರ್ಡಿಯನ್‌ಶಿಪ್ ಮಾತು ಹುಟ್ಟುವುದು, ಅಂದರೆ 18 ತುಂಬಿದವರ ಪರವಾಗಿ ತೀರ್ಮಾನ ತೆಗೆದುಕೊಳ್ಳಲು ಕಾನೂನಿನ ಪ್ರಕಾರ ಒಬ್ಬ ಪೋಷಕರನ್ನು ನೇಮಿಸುವ ಮಾತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಈ ನಾಲ್ಕಕ್ಕೆ ಮಾತ್ರ. ಬರೀ ಕಣ್ಣು ಕಾಣದವರಿಂದಲೋ ಕಿವಿ ಕೇಳದವರಿಂದಲೋ ಬ್ಯಾಂಕಿನವರು ಪೋಷಕರ ನೇಮಕದ ಪತ್ರ ಕೇಳಿದರೆ, ಆ ಕಾಯ್ದೆ ತಮಗೆ ಅನ್ವಯಿಸುವುದಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ನಾಲ್ಕರಲ್ಲಿ ಒಂದಿದ್ದರೂ ಎಲ್ಲರೂ ಮಾಡಿಸುತ್ತಾರೆ ಅಂತ ಓಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಕಲಂ ಸೀಮಿತ ಪೋಷಕತ್ವದ ಮಾತಾಡುತ್ತದೆ. ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಅವರ ಇಷ್ಟ ಕೇಳಿಕೊಂಡು, ಪೋಷಕರೂ ಅವರೂ ಸೇರಿ ತೀರ್ಮಾನಿಸುವ ವ್ಯವಸ್ಥೆ ಅದು. ಖಾತೆ ನಡೆಸಲು, ಪಾಸ್‌ಬುಕ್ ತುಂಬಿಸಿಕೊಳ್ಳಲು ಅವರಿಗೇ ಬರುತ್ತಿದ್ದರೆ, ಸದ್ಯಕ್ಕೆ ಯಾವ ಅರ್ಜಿಯೂ ಬೇಡ.