ಪಾಸಾವ್‌ನಿಂದ ಶ್ಲೋಗನ್: ಡಾನ್ಯೂಬ್‌ನ ಯಾವ ದಡ ಹಿಡಿಯಬೇಕು?

ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡಾನ್ಯೂಬ್ ಹೊಳೆಯ ಪಕ್ಕದಲ್ಲೇ ಸುಮಾರು 320 ಕಿ.ಮೀ. ಸೈಕಲ್ ದಾರಿ ಇದೆ. ಅದರ ಮೊದಲ ತುಂಡು, ಪಾಸಾವ್‌ನಿಂದ ಆಸ್ಟ್ರಿಯಾದ ಶ್ಲೋಗನ್ ಎಂಬ ಹಳ್ಳಿಯವರೆಗಿನ ನಲವತ್ತು ಚಿಲ್ಲರೆ ಕಿ.ಮೀ., ನನ್ನ ಮಟ್ಟಿಗೆ ಇಡೀ ದಾರಿಯಲ್ಲೇ ಚೆಂದದ್ದು. ಎರಡೂ ಕಡೆ ಕಾಡು ತುಂಬಿದ ಗುಡ್ಡ, ನಡುವೆ ಹೊಳೆ, ಹೊಳೆಯ ಪಕ್ಕದಲ್ಲಿ ಏರಿಳಿತವೇ ಇಲ್ಲದ ದಾರಿ. ಸೆಪ್ಟೆಂಬರ್‌ನ ಒಂದು ಭಾನುವಾರ ಹೋದದ್ದರ ವಿವರ ಇದು. ಇಲ್ಲಿ ದಾರಿ ತಪ್ಪುವ ಭಯವಿಲ್ಲ, ಆಸ್ಟ್ರಿಯಾ ಕಡೆ ಆರ್ 1 ಎಂಬ ಹಸಿರು ಫಲಕಗಳು ಉದ್ದಕ್ಕೂ ಸಿಗುತ್ತವೆ. ಜನ ಎಡವುವುದು ದಡ ಆರಿಸುವುದರಲ್ಲಿ. ಎರಡೂ ದಡದಲ್ಲಿ ದಾರಿ ಇದೆ, ಆದರೆ ಸೇತುವೆ ಕಡಿಮೆ. ಒಮ್ಮೆ ಒಂದು ದಡ ಹಿಡಿದರೆ ಹತ್ತಿಪ್ಪತ್ತು ಕಿ.ಮೀ. ಅದರದೇ ಬಿಸಿಲು, ಅದರದೇ ಸದ್ದು.

ಮ್ಯೂನಿಕ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದು ವಾರಾಂತ್ಯದಲ್ಲಿ ಮುಗಿಯುವ ಸವಾರಿ. ಪ್ರಾದೇಶಿಕ ರೈಲಿನಲ್ಲಿ ಪಾಸಾವ್‌ಗೆ ಎರಡು ಗಂಟೆಯ ಮೇಲೆ ಸ್ವಲ್ಪ. ಬವೇರಿಯಾ ರಾಜ್ಯದ ಒಂದು ದಿನದ ಬಯರ್ನ್ ಟಿಕೆಟ್ ವಾರಾಂತ್ಯದಲ್ಲಿ ಬೆಳಗಿನಿಂದಲೇ ನಡೆಯುತ್ತದೆ, ವಾರದ ದಿನಗಳಲ್ಲಿ 9 ಗಂಟೆಯ ನಂತರ ಮಾತ್ರ. ಸೈಕಲ್‌ಗೆ ಬೇರೆ ಟಿಕೆಟ್ ಬೇಕು, ದೇಶದೆಲ್ಲೆಡೆ ನಡೆಯುವ ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದ್ದವರಿಗೂ. ಸೈಕಲ್ ಚಿತ್ರ ಬರೆದಿರುವ ಬಾಗಿಲಿನ ಎದುರೇ ನಿಂತಿರಬೇಕು. ಬೇಸಿಗೆಯ ವಾರಾಂತ್ಯದಲ್ಲಿ ಜಾಗ ಬೇಗ ತುಂಬುತ್ತದೆ, ತುಂಬಿದ ಮೇಲೆ ಕಂಡಕ್ಟರ್ ಹತ್ತಿಸುವುದಿಲ್ಲ. ಚೀಲಗಳನ್ನು ರೈಲು ಬರುವ ಮೊದಲೇ ಕಳಚಿ ಇಟ್ಟುಕೊಂಡರೆ ಹತ್ತುವುದು ಸಲೀಸು.

ಪಾಸಾವ್‌ನಲ್ಲಿ ಮೂರು ಹೊಳೆ ಕೂಡುತ್ತವೆ. ದಕ್ಷಿಣದಿಂದ ಆಲ್ಪ್ಸ್‌ನ ಹಿಮ ಕರಗಿಸಿ ತರುವ ಇನ್, ಅಕ್ಕಿ ತೊಳೆದ ನೀರಿಗೆ ಹಸಿರು ಬೆರೆಸಿದ ಬಣ್ಣದ್ದು. ಉತ್ತರದ ಜೌಗು ಕಾಡಿನಿಂದ ಬರುವ ಇಲ್ಟ್ಸ್ ಕಪ್ಪು. ನಡುವೆ ಡಾನ್ಯೂಬ್. ಹೆಸರು ಡಾನ್ಯೂಬ್‌ನದಾದರೂ ವರ್ಷದ ಸರಾಸರಿ ತೆಗೆದರೆ ಇಲ್ಲಿ ಹೆಚ್ಚು ನೀರು ತರುವುದು ಇನ್ ಹೊಳೆಯೇ. ಸಂಗಮ ದಾಟಿ ಬಹಳ ದೂರದವರೆಗೆ ಬಣ್ಣಗಳು ಬೆರೆಯದೆ ಪಕ್ಕಪಕ್ಕ ಹರಿಯುತ್ತವೆ. ಪುರಭವನದ ಗೋಪುರದ ಮೇಲಿನ ನೆರೆ ಗುರುತುಗಳನ್ನು ನೋಡಿಯೇ ಹೊರಡಬೇಕು. 2013ರ ಜೂನ್ 3ರಂದು ನೀರು 12.89 ಮೀಟರ್‌ಗೆ ಏರಿತ್ತು, 1501ರ ನಂತರದ ಅತಿ ದೊಡ್ಡ ನೆರೆ ಅದು. ನಾವು ಸೈಕಲ್ ತುಳಿಯುವ ದಾರಿ ಆ ಮಟ್ಟಕ್ಕಿಂತ ಬಹಳ ಕೆಳಗಿದೆ. ಹಾಗಾಗಿ ದೊಡ್ಡ ಮಳೆಯಾದ ವಾರ ಬರಲೇಬಾರದು. ನೀರು ಇಳಿದ ಮೇಲೂ ಡಾಂಬರಿನ ಮೇಲೆ ನುಣ್ಣನೆ ಹೂಳು ಉಳಿದಿರುತ್ತದೆ. ಒಣಗಿದ್ದರೆ ಬರೀ ಧೂಳು, ಇಬ್ಬನಿ ಬಿದ್ದರೆ ತಿರುವಿನಲ್ಲಿ ಚಕ್ರ ಜಾರುತ್ತದೆ.

ಹೊಳೆ ಇಲ್ಲಿ ಹೆಚ್ಚುಕಡಿಮೆ ಆಗ್ನೇಯಕ್ಕೆ ಹರಿಯುತ್ತದೆ. ಉತ್ತರ ದಡದ ಗುಡ್ಡ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ದಿನವಿಡೀ ಬಿಸಿಲು. ದಕ್ಷಿಣ ದಡ ಗುಡ್ಡದ ನೆರಳಲ್ಲಿರುತ್ತದೆ. ಜುಲೈ, ಆಗಸ್ಟ್‌ನ ಸೆಕೆಗೆ ದಕ್ಷಿಣ ದಡ, ಸೆಪ್ಟೆಂಬರ್ ನಂತರ ಉತ್ತರ ದಡ ಎಂದು ಹೇಳಿದರೆ ಅರ್ಧ ಉತ್ತರ ಕೊಟ್ಟ ಹಾಗೆ. ಉಳಿದರ್ಧ ವಾಹನಗಳದು. ದಕ್ಷಿಣ ದಡದಲ್ಲಿ ಎಂಗೆಲ್‌ಹಾರ್ಟ್ಸ್‌ಟ್ಸೆಲ್ ಕಡೆಗೆ ಹೋಗುವ ದೊಡ್ಡ ರಸ್ತೆ ಪಕ್ಕದಲ್ಲೇ ಇದೆ. ಸೈಕಲ್‌ಗೆ ಬೇರೆ ಪಟ್ಟಿ ಇದ್ದರೂ ಭಾನುವಾರ ಮೋಟಾರ್ ಬೈಕ್‌ಗಳ ಗದ್ದಲ ಕಿವಿ ಕೊರೆಯುತ್ತದೆ. ಉತ್ತರ ದಡದಲ್ಲೂ ಓಬರ್ನ್‌ಟ್ಸೆಲ್‌ವರೆಗಿನ ಮೊದಲ 15 ಕಿ.ಮೀ. ರಸ್ತೆಯ ಪಕ್ಕವೇ. ಆದರೆ ಯೋಖೆನ್‌ಸ್ಟೈನ್ ಅಣೆಕಟ್ಟು ದಾಟಿದ ಮೇಲೆ ನೀಡರ್‌ರಾನ್ನಾ ಎಂಬ ಹಳ್ಳಿಯವರೆಗೆ ವಾಹನಗಳ ಕಾಟವೇ ಇಲ್ಲ. ಒಂದು ಕೈಯಳತೆಯಲ್ಲಿ ಹೊಳೆ, ಇನ್ನೊಂದು ಕಡೆ ಬೀಚ್ ಮರಗಳ ಕಾಡು. ಆ ಎಂಟೊಂಬತ್ತು ಕಿ.ಮೀ.ಗೋಸ್ಕರವೇ ನಾನು ಉತ್ತರ ದಡ ಎನ್ನುತ್ತೇನೆ. ಸುಡು ಬಿಸಿಲಿನ ದಿನ ದಕ್ಷಿಣದಲ್ಲಿ ಹೊರಟು ಯೋಖೆನ್‌ಸ್ಟೈನ್‌ನಲ್ಲಿ ಅಣೆಕಟ್ಟಿನ ಮೇಲೆ ಉತ್ತರಕ್ಕೆ ದಾಟಿದರೆ ಎರಡರ ಒಳ್ಳೆಯದೂ ಸಿಗುತ್ತದೆ. ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು. ಕಾಮಗಾರಿ ನಡೆಯುತ್ತಿದ್ದರೆ ಮುಚ್ಚಿರುತ್ತಾರೆ, ಪಾಸಾವ್‌ನಲ್ಲೇ ವಿಚಾರಿಸಿಕೊಳ್ಳಿ.

ಶರತ್ಕಾಲದ ಬೆಳಗ್ಗೆ ಕಣಿವೆ ತುಂಬ ಮಂಜು. ಬಿಸಿಲು ಒಳಗೆ ಇಳಿದು ಅದು ಕರಗುವಾಗ ಹತ್ತು ಗಂಟೆಯೂ ಆಗಬಹುದು. ಹಿಂದು ಮುಂದಿನ ದೀಪ ಹಗಲಲ್ಲೂ ಉರಿಯುತ್ತಿರಲಿ, ಕೈಗವಸು ಮೇಲಿನ ಜೇಬಿನಲ್ಲಿರಲಿ. ಆ ಭಾನುವಾರ ಓಬರ್ನ್‌ಟ್ಸೆಲ್‌ವರೆಗೆ ಎದುರು ದಡ ಕಾಣಲೇ ಇಲ್ಲ. ಕಾಣುತ್ತಿದ್ದದ್ದು ದಡದ ಕಿಲೋಮೀಟರ್ ಫಲಕಗಳು ಮಾತ್ರ. ಡಾನ್ಯೂಬ್‌ನ ಲೆಕ್ಕ ಕಪ್ಪು ಸಮುದ್ರದ ಕಡೆಯಿಂದ ಮೇಲಕ್ಕೆ ಬರುತ್ತದೆ. ಪಾಸಾವ್ 2225, ಯೋಖೆನ್‌ಸ್ಟೈನ್ 2203, ಶ್ಲೋಗನ್ 2187, ಅದರಾಚೆಗಿನ ದೊಡ್ಡ ಊರು ಲಿಂಜ್ 2135. ಕಳೆದರೆ ಉಳಿದ ದೂರ ಗೊತ್ತಾಗುತ್ತದೆ. ಫೋನ್ ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ಹೊಳೆಯ ಜೊತೆ ಕೆಳಕ್ಕೆ ಹೋಗುವುದರಿಂದ ಇಳಿಜಾರು ಸಿಗುತ್ತದೆ ಎಂದು ನಂಬಿ ಬರುವವರಿದ್ದಾರೆ. ಕಿಲೋಮೀಟರ್‌ಗೆ ಅರ್ಧ ಮೀಟರ್ ಕೂಡ ಇಳಿಯದ ದಾರಿ ಇದು, ಕಾಲಿಗೆ ಗೊತ್ತಾಗುವುದೇ ಇಲ್ಲ. ನೆರವಾಗುವುದು ಗಾಳಿ. ಹೆಚ್ಚಿನ ದಿನ ಅದು ಪಶ್ಚಿಮದಿಂದ ಬೀಸುತ್ತದೆ, ಅದಕ್ಕೇ ಎಲ್ಲರೂ ಪಾಸಾವ್‌ನಿಂದ ವಿಯೆನ್ನಾ ಕಡೆಗೆ ಹೋಗುವುದು. ಮೂಡಣ ಗಾಳಿಯ ಮುನ್ಸೂಚನೆ ಇದ್ದರೆ ದಿನದ ಗುರಿಯನ್ನು ಕಾಲು ಭಾಗ ಕಡಿಮೆ ಮಾಡಿಕೊಳ್ಳಿ. ಯೋಖೆನ್‌ಸ್ಟೈನ್ ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಕೆರೆಯಂತೆ ಅಗಲವಾಗಿ ನಿಂತಿರುವುದರಿಂದ ಗಾಳಿಗೆ ತಡೆಯಿಲ್ಲ. ಅಣೆಕಟ್ಟಿನ ಕೆಳಗೆ ಮರಗಳು ಹತ್ತಿರ ಬರುತ್ತವೆ.

ಆ ಅಣೆಕಟ್ಟು ಜರ್ಮನಿ ಮತ್ತು ಆಸ್ಟ್ರಿಯಾ ಸೇರಿ 1956ರಲ್ಲಿ ಮುಗಿಸಿದ ಜಲವಿದ್ಯುತ್ ಕೇಂದ್ರ. ಪಕ್ಕದ ಹಡಗು ಕಟ್ಟೆಯಲ್ಲಿ 230 ಮೀಟರ್ ಉದ್ದ, 24 ಮೀಟರ್ ಅಗಲದ ಎರಡು ಕೋಣೆಗಳಿವೆ. ಸರಕು ಹಡಗು ಒಳಗೆ ಬಂದು, ಬಾಗಿಲು ಮುಚ್ಚಿ, ನೀರಿನೊಂದಿಗೆ ಸುಮಾರು 10 ಮೀಟರ್ ಕೆಳಗಿಳಿದು ಹೊರಗೆ ಹೋಗುವುದನ್ನು ನಿಂತು ನೋಡಿ. ಮಕ್ಕಳು ಜೊತೆಗಿದ್ದರೆ ಇದೊಂದಕ್ಕೇ ಅರ್ಧ ಗಂಟೆ ಎತ್ತಿಡಿ.

ಪಾಸಾವ್ ಬಿಟ್ಟ ಮೇಲೆ ಕಣಿವೆಯಲ್ಲಿ ಮಾಮೂಲಿ ಪ್ರಯಾಣಿಕರ ರೈಲು ಇಲ್ಲ. ಶ್ಲೋಗನ್ ಆಚೆಗಿನ ಆಷಾಖ್ ಊರು ಕಳೆದು ಎಫರ್ಡಿಂಗ್ ಮುಟ್ಟುವವರೆಗೂ ಸೈಕಲ್ ಕೈಕೊಟ್ಟರೆ ನೀವೇ ಸರಿಮಾಡಿಕೊಳ್ಳಬೇಕು. ಪಂಕ್ಚರ್‌ಗೆ ಎಲ್ಲರೂ ಸಿದ್ಧರಾಗಿ ಬರುತ್ತಾರೆ. ಯಾರೂ ಗಮನಿಸದೆ ಬಿಡುವುದು ಹಿಂದಿನ ಕ್ಯಾರಿಯರ್‌ನ ಕೆಳಗಿನ ಬೋಲ್ಟನ್ನು. ಬಹುಪಾಲು ಸೈಕಲ್‌ಗಳಲ್ಲಿ ಅದು ಎಂ5 ಅಳತೆಯದು, ಅಂದರೆ 5 ಮಿ.ಮೀ. ದಪ್ಪದ್ದು, 4 ಮಿ.ಮೀ. ಅಲೆನ್ ಕೀ ಸಾಕು. ಎರಡು ಚೀಲದ ಹತ್ತು ಹನ್ನೆರಡು ಕಿಲೋ ಭಾರ ಜಲ್ಲಿ ದಾರಿಯಲ್ಲಿ ಸತತ ಅದುರುವುದರಿಂದ ಬೋಲ್ಟ್ ಎಳೆಎಳೆಯಾಗಿ ಸಡಿಲವಾಗುತ್ತದೆ. ಸಡಿಲವಾದದ್ದು ಆಡುತ್ತಾ ಆಡುತ್ತಾ ಕುತ್ತಿಗೆಯಲ್ಲಿ ತುಂಡಾಗಿ ಕ್ಯಾರಿಯರ್ ಒಂದು ಕಡೆಗೆ ವಾಲುತ್ತದೆ. ಬೆಳಗ್ಗೆ ಹೊರಡುವ ಮೊದಲು ನಾಲ್ಕೂ ಬೋಲ್ಟ್ ಬಿಗಿ ನೋಡಿ, ಜೋಡಿಸುವಾಗಲೇ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಹನಿ ಹಾಕಿ, ಎರಡು ಹೆಚ್ಚುವರಿ ಬೋಲ್ಟ್, ಐದಾರು ಕೇಬಲ್ ಟೈ ಜೊತೆಗಿಡಿ. ಹೆಚ್ಚುವರಿ ಬೋಲ್ಟ್ ಕೊಳ್ಳುವಾಗ ಉದ್ದ ಸರಿಯಾಗಿ ಅಳೆಯಿರಿ. ಚೈನ್ ಇರುವ ಬಲಗಡೆ ಉದ್ದದ ಬೋಲ್ಟ್ ಹಾಕಿದರೆ ಅದರ ತುದಿ ಒಳಗೆ ಚಾಚಿಕೊಂಡು, ಅತಿ ಸಣ್ಣ ಹಲ್ಲುಚಕ್ರಕ್ಕೆ ಗೇರ್ ಬಿದ್ದಾಗ ಚೈನ್‌ಗೆ ಉಜ್ಜುತ್ತದೆ. ಎಲ್ಲರೂ ಗೇರ್ ಕೆಟ್ಟಿತು ಎಂದುಕೊಂಡು ಚೈನ್ ಸರಿಸುವ ಡಿರೇಲರ್ ತಿರುವುತ್ತಾ ಕೂರುತ್ತಾರೆ.

ಟೈರ್ 37 ಅಥವಾ 40 ಮಿ.ಮೀ. ಅಗಲದ್ದಿದ್ದರೆ ಇಲ್ಲಿಗೆ ಹೇಳಿ ಮಾಡಿಸಿದ್ದು. ಸಾಧಾರಣ ಮೈಕಟ್ಟಿನವರು ಚೀಲ ಸೇರಿಸಿಕೊಂಡರೆ ಮುಂದೆ 3, ಹಿಂದೆ 4 ಬಾರ್ ಗಾಳಿ ಸಾಕು. ಚೀಲದ ಕೊಕ್ಕೆಗಳನ್ನು ಹಿಮ್ಮಡಿ ತಾಗದಷ್ಟು ಹಿಂದಕ್ಕೆ ಸರಿಸಿ, ಭಾರದ ಸಾಮಾನು ತಳದಲ್ಲಿರಲಿ.

ಭಾನುವಾರ ಎರಡೂ ದೇಶದಲ್ಲಿ ಅಂಗಡಿ ಮುಚ್ಚಿರುತ್ತವೆ, ಬೇಕರಿ ಬೆಳಗಿನ ಕೆಲವು ಗಂಟೆ ಮಾತ್ರ. ದಂಡೆಯ ಊಟದ ಮನೆಗಳಲ್ಲಿ ಸಸ್ಯಾಹಾರಿಗಳಿಗೆ ಸಾಮಾನ್ಯವಾಗಿ ಸಿಗುವುದು ಚೀಸ್ ಹಾಕಿದ ಶ್ಪೆಟ್ಸ್ಲೆ ಎಂಬ ಹಿಟ್ಟಿನ ನೂಡಲ್, ಅದನ್ನು ತಿಂದು ಮಧ್ಯಾಹ್ನ ಪೆಡಲ್ ತುಳಿಯುವುದು ಕಷ್ಟ. ಚಪಾತಿ ಚಟ್ನಿಪುಡಿ ಕಟ್ಟಿಕೊಂಡು ಬಂದವರೇ ಸುಖಿಗಳು. ನೀರಿಗೆ ಊರಿನ ಸ್ಮಶಾನದ ನಲ್ಲಿ ನೋಡಬಹುದು, ಆದರೆ ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದಿದ್ದರೆ ಕುಡಿಯಬಾರದು.

ನೀಡರ್‌ರಾನ್ನಾದಲ್ಲಿ ಸೇತುವೆ ಇದೆ. ಇಲ್ಲಿ ಇನ್ನೊಮ್ಮೆ ದಡ ತೀರ್ಮಾನಿಸಬೇಕು. ಮುಂದೆ ಶ್ಲೋಗನ್‌ನಲ್ಲಿ ಗಟ್ಟಿ ಬಂಡೆಗೆ ಸಿಕ್ಕ ಹೊಳೆ ಪೂರ್ತಿ ಹಿಂದಿರುಗಿ ಮತ್ತೆ ತಿರುಗುತ್ತದೆ. ಉತ್ತರ ದಡದಲ್ಲೇ ಮುಂದುವರಿದರೆ ಔ ಎಂಬ ಹಳ್ಳಿಯಲ್ಲಿ ದಾರಿ ನಿಂತುಹೋಗುತ್ತದೆ. ಅಲ್ಲಿಂದ ಗ್ರಾಫೆನೌವರೆಗೆ ಕಡಿದಾದ ಕಾಡು ನೀರಿಗೇ ಇಳಿದು ಸೈಕಲ್‌ಗೆ ಜಾಗ ಬಿಟ್ಟಿಲ್ಲ. ಆ ತುಂಡಿಗೆ ಸೈಕಲ್ ಹೊತ್ತೊಯ್ಯುವ ಸಣ್ಣ ದೋಣಿ ಇದೆ, ಎದುರಿನ ಶ್ಲೋಗನ್‌ಗೂ ಔ ಇಂದ ದೋಣಿ ದಾಟಿಸುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ, ಹಗಲಿನಲ್ಲಿ ಮಾತ್ರ. ಸೆಪ್ಟೆಂಬರ್ ಕೊನೆಗೆ ಸಮಯ ಇನ್ನೂ ಮೊಟಕು. ಕೊನೆಯ ದೋಣಿ ತಪ್ಪಿದರೆ ನೀಡರ್‌ರಾನ್ನಾ ಸೇತುವೆಗೆ ಹಿಂದಿರುಗದೆ ಗತಿಯಿಲ್ಲ. ಸಂಜೆಯಾಗುತ್ತಿದ್ದರೆ ಸೇತುವೆಯಲ್ಲೇ ದಕ್ಷಿಣಕ್ಕೆ ದಾಟಿಬಿಡಿ, ಆ ದಡದ ದಾರಿ ಶ್ಲೋಗನ್, ಅದರ ಮುಂದಿನ ಹಳ್ಳಿ ಇನ್ಟ್ಸೆಲ್ ಮೇಲೆ ಆಷಾಖ್‌ವರೆಗೆ ಕಡಿಯುವುದಿಲ್ಲ.

ಶ್ಲೋಗನ್‌ನಲ್ಲಿ ಸೈಕಲ್‌ಗೆ ಬೀಗ ಹಾಕಿ, ಕಾಡಿನ ಕಾಲುದಾರಿಯಲ್ಲಿ ಅರ್ಧ ಗಂಟೆ ಏರಿದರೆ ತಿರುವು ಇಡಿಯಾಗಿ ಕಾಣುವ ಜಾಗ ಸಿಗುತ್ತದೆ. ಪೆಡಲ್‌ಗೆ ಸಿಕ್ಕಿಕೊಳ್ಳುವ ಕ್ಲೀಟ್ ಇರುವ ಸೈಕ್ಲಿಂಗ್ ಶೂನಲ್ಲಿ ಈ ಏರು ಬೇಡ, ಬೇರುಗಳ ಮೇಲೆ ಜಾರುತ್ತದೆ. ಮಧ್ಯಾಹ್ನ ಮೂರರೊಳಗೆ ಶ್ಲೋಗನ್ ಮುಟ್ಟಿದವರು ಇದನ್ನು ಮುಗಿಸಿ ಇನ್ಟ್ಸೆಲ್‌ನಲ್ಲಿ ಉಳಿದುಕೊಳ್ಳಬಹುದು. ಮರುದಿನ ಲಿಂಜ್ ಸುಮಾರು ಐವತ್ತು ಕಿ.ಮೀ., ಅಲ್ಲಿಂದ ಪಾಸಾವ್‌ಗೆ ರೈಲು ಇದೆ.